ಹಿನ್ನೀರಿನ ದಡದಲ್ಲಿ ಸಣ್ಣ ದೋಣಿ ಇಳಿಸುವುದು, ವಾಪಸ್ ಎತ್ತುವುದು

ಸಣ್ಣ ದೋಣಿ ಕೊಳ್ಳುವುದು ಈಗ ದೊಡ್ಡ ವಿಷಯವೇ ಅಲ್ಲ. ಗಾಳಿ ತುಂಬುವ ದೋಣಿಯನ್ನು ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದರೆ ತೋಟದ ಗೇಟಿಗೇ ತಂದುಕೊಡುತ್ತಾರೆ, ಒಬ್ಬಿಬ್ಬರು ಕೂತು ಹುಟ್ಟು ಹಾಕುವ ಕಿರಿದಾದ ಕಯಾಕ್ ಕೂಡ ಹಾಗೇ ಬರುತ್ತದೆ. ಅದನ್ನು ನೀರಿಗೆ ಇಳಿಸುವುದು ಹೇಗೆ, ಸಂಜೆ ವಾಪಸ್ ಎತ್ತುವುದು ಹೇಗೆ ಅಂತ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನೀರಿನ ಮಧ್ಯೆ ಆಗುವ ತಾಪತ್ರಯಕ್ಕಿಂತ ದಡದಲ್ಲಿ ಆಗುವುದೇ ಜಾಸ್ತಿ. ಜೀಪ್ ಹೂತುಕೊಳ್ಳುತ್ತದೆ, ಬೆರಳು ಜಜ್ಜಿಹೋಗುತ್ತದೆ, ದೋಣಿ ತಳದ ತೂತು ಮುಚ್ಚುವ ಬಿರಡೆ ಮನೆಯಲ್ಲೇ ಉಳಿದಿರುತ್ತದೆ, ಹಿಂದೆ ಕಾಯುತ್ತಿರುವ ಮೀನಿನವರು ಬೈಯುತ್ತಾರೆ.

ಇದಕ್ಕೆಲ್ಲ ಮದ್ದು ಒಂದೇ. ಮಾಡಬೇಕಾದ ಕೆಲಸವನ್ನೆಲ್ಲ ಮೇಲೆ ಒಣ ನೆಲದಲ್ಲೇ ಮಾಡಿ ಮುಗಿಸಿ. ನೀರಿನ ಅಂಚಿನಲ್ಲಿ ನೀವು ಇರುವುದು ಎರಡು ಮೂರು ನಿಮಿಷ ಅಷ್ಟೇ ಆಗಿರಬೇಕು.

ಮೊದಲು ಕೇಳಿ, ಆಮೇಲೆ ಇಳಿಸಿ

ಕೊಡಗಿನಲ್ಲಿ ನೀರು ಕಂಡಲ್ಲೆಲ್ಲ ದೋಣಿ ಬಿಡುವ ಹಾಗಿಲ್ಲ. ಹಾರಂಗಿ, ಚಿಕ್ಲಿಹೊಳೆ ಎರಡೂ ನೀರಾವರಿ ಜಲಾಶಯಗಳು. ಅಣೆಕಟ್ಟಿನ ಹತ್ತಿರ ಯಾರನ್ನೂ ನೀರಿಗೆ ಇಳಿಯಲು ಬಿಡುವುದಿಲ್ಲ, ಬಿಡಲೂಬಾರದು. ಹಿನ್ನೀರಿನ ದಡ ಕೆಲವು ಕಡೆ ಅರಣ್ಯ ಇಲಾಖೆಯದ್ದು, ಕೆಲವು ಕಡೆ ಯಾರದೋ ತೋಟದ ಬೇಲಿಗೆ ತಾಗಿಕೊಂಡಿರುತ್ತದೆ. ಮೀನು ಹಿಡಿಯುವ ಹಕ್ಕು ಬೇರೆಯವರದ್ದು. ಹಾಗಾಗಿ ನೀರಾವರಿ ಕಚೇರಿಯಲ್ಲಿ ಕೇಳಿ, ಕಾಡಂಚಾದರೆ ಅರಣ್ಯದವರನ್ನೂ ಕೇಳಿ, ಸಾಧ್ಯವಾದರೆ ಬರೆದು ಕೊಟ್ಟ ಅನುಮತಿಯನ್ನೇ ತೆಗೆದುಕೊಳ್ಳಿ. ಮೋಟಾರ್ ಹಾಕಿದ ದೋಣಿಯಾದರೆ 2021ರ ಒಳನಾಡು ನೌಕೆಗಳ ಕಾಯ್ದೆ ಇದೆ, ನೋಂದಣಿ, ತಪಾಸಣೆ, ವಿಮೆ ಎಲ್ಲ ಅದರ ಅಡಿಯಲ್ಲಿ ಬರುತ್ತದೆ. ಹುಟ್ಟು ಹಾಕಿ ಹೋಗುವ ದೋಣಿಗೆ ಇಷ್ಟು ತಲೆನೋವಿಲ್ಲ, ಆದರೂ ಜಾಗಕ್ಕೆ ಒಪ್ಪಿಗೆ ಬೇಕೇ ಬೇಕು.

ಕುಶಾಲನಗರದ ಕಾವೇರಿ ನಿಸರ್ಗಧಾಮ 64 ಎಕರೆಯ ದ್ವೀಪ, ತೂಗುಸೇತುವೆ ದಾಟಿ ಒಳಗೆ ಹೋಗುವುದು. ಅದು ಅರಣ್ಯ ಇಲಾಖೆಯ ಸುಪರ್ದಿಯಲ್ಲಿದೆ, ನಿಮ್ಮ ದೋಣಿ ಹೊತ್ತುಕೊಂಡು ಹೋಗುವ ಜಾಗ ಅಲ್ಲ. ದುಬಾರೆಯೂ ಅಷ್ಟೇ, ಅಲ್ಲಿ ಹೊಳೆ ದಾಟಿಸುವ ದೋಣಿಗಳು ಅವರದ್ದೇ ಇವೆ. ಬರಪೊಳೆಯ ಸಹವಾಸವೇ ಬೇಡ, ಅದು ರಾಫ್ಟಿಂಗ್ ಮಾಡಿಸುವವರ ಹೊಳೆ. ನಾನು ಇಲ್ಲಿ ಹೇಳುತ್ತಿರುವುದು ನಿಂತ ನೀರಿನ ಮಾತು. ಹಿನ್ನೀರು, ದೊಡ್ಡ ಕೆರೆ, ಅಲ್ಲಿ ಮಧ್ಯೆ ಉಳಿದ ಸಣ್ಣ ನಡುಗಡ್ಡೆ. ಹರಿಯುವ ಹೊಳೆಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಸಣ್ಣ ದೋಣಿ ಇಳಿಸುವ ಯೋಚನೆಯನ್ನೇ ಬಿಟ್ಟುಬಿಡಿ.

ಇನ್ನೊಂದು ಒಪ್ಪಿಗೆ ಕಾಗದದಲ್ಲಿ ಸಿಗುವುದಿಲ್ಲ. ಅಲ್ಲಿ ದಿನಾ ತೆಪ್ಪ ಬಿಡುವ ಮೀನಿನವರನ್ನು ಮಾತಾಡಿಸಿ. "ಅಣ್ಣಾ, ಬಲೆ ಎಲ್ಲಿ ಹಾಕಿದ್ದೀರ? ಈ ಕಡೆ ಮರದ ಬೊಡ್ಡೆ ಏನಾದ್ರೂ ಇದ್ಯಾ?" ಅಂತ ಕೇಳಿದರೆ ಸಾಕು, ಯಾವ ಮ್ಯಾಪಿನಲ್ಲೂ ಇಲ್ಲದ ಮಾಹಿತಿ ಐದು ನಿಮಿಷದಲ್ಲಿ ಸಿಗುತ್ತದೆ. ಜಲಾಶಯ ಕಟ್ಟುವಾಗ ಮುಳುಗಿದ ಮರಗಳ ಬೊಡ್ಡೆ ನೀರು ಇಳಿದಾಗ ಒಂದು ಗೇಣು ಕೆಳಗೇ ಕೂತಿರುತ್ತದೆ, ಮೇಲಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ದಡ ಇವತ್ತು ಎಲ್ಲಿದೆ

ಹೊರದೇಶದ ಕೆರೆಗಳಲ್ಲಿ, ಕೆರೆಯೊಳಗಿನ ದ್ವೀಪಗಳಲ್ಲೂ, ಸಾರ್ವಜನಿಕರಿಗೆಂದೇ ಕಾಂಕ್ರೀಟ್ ರ‍್ಯಾಂಪ್ ಕಟ್ಟಿರುತ್ತಾರೆ. ಜಾರದ ಹಾಗೆ ಅಡ್ಡಕ್ಕೆ ಗೀರು ಹಾಕಿರುತ್ತಾರೆ, ಪಕ್ಕದಲ್ಲಿ ದೋಣಿ ಕಟ್ಟಲು ಕಟ್ಟೆ ಇರುತ್ತದೆ. ಇಳಿಜಾರು ಸಾಮಾನ್ಯವಾಗಿ ಶೇಕಡಾ 12ರಿಂದ 15, ಅಂದರೆ ಏಳೆಂಟು ಅಡಿ ಮುಂದೆ ಹೋದರೆ ಒಂದಡಿ ಇಳಿಯುವ ಲೆಕ್ಕ. ಅದಕ್ಕಿಂತ ಚಪ್ಪಟೆಯಾದರೆ ದೋಣಿ ತೇಲುವ ಹೊತ್ತಿಗೆ ಜೀಪಿನ ಸೈಲೆನ್ಸರ್ ಮುಳುಗುತ್ತದೆ, ಅದಕ್ಕಿಂತ ಕಡಿದಾದರೆ ವಾಪಸ್ ಹತ್ತುವಾಗ ಚಕ್ರ ತಿರುಗಿದಲ್ಲೇ ತಿರುಗುತ್ತದೆ.

ನಮ್ಮಲ್ಲಿ ಅಂಥ ರ‍್ಯಾಂಪ್ ಹುಡುಕಿಕೊಂಡು ಕೂತರೆ ದೋಣಿ ಶೆಡ್ಡಿನಲ್ಲೇ ಇರುತ್ತದೆ. ನಮಗೆ ಸಿಗುವುದು ಜಾನುವಾರು ನೀರಿಗೆ ಇಳಿದು ಇಳಿದು ಗಟ್ಟಿಯಾದ ಜಾಡು, ಮೀನಿನವರು ತೆಪ್ಪ ಎಳೆಯುವ ಜಾಗ, ಅದೃಷ್ಟ ಇದ್ದರೆ ನೀರೊಳಗೆ ಇಳಿದು ಹೋಗುವ ಹಳೇ ರಸ್ತೆ. ಈ ಮೂರರಲ್ಲಿ ಹಳೇ ರಸ್ತೆಯೇ ಒಳ್ಳೆಯದು, ಅಡಿಯಲ್ಲಿ ಕಲ್ಲು ಕೂತಿರುತ್ತದೆ.

ಜಲಾಶಯದ ದಡ ಒಂದೇ ಕಡೆ ನಿಲ್ಲುವುದಿಲ್ಲ ಅನ್ನುವುದನ್ನು ಹೊಸಬರು ಮರೆಯುತ್ತಾರೆ. ಹಾರಂಗಿಯ ಗರಿಷ್ಠ ಮಟ್ಟ 2859 ಅಡಿ. ಮಳೆ ಚೆನ್ನಾಗಿ ಆದ ವರ್ಷ ಜುಲೈ, ಆಗಸ್ಟ್ ಹೊತ್ತಿಗೆ ತುಂಬುತ್ತದೆ, ಆಮೇಲೆ ನಾಲೆಗೆ ಬಿಟ್ಟು ಬಿಟ್ಟು ಬೇಸಿಗೆಗೆ ಕೆಳಗೆ ಹೋಗಿರುತ್ತದೆ. ಮಳೆಗಾಲದಲ್ಲಿ ಪೇಪರ್‌ನಲ್ಲಿ ದಿನದಿನದ ಮಟ್ಟ, ಒಳಹರಿವು, ಹೊರಹರಿವು ಎಲ್ಲ ಬರುತ್ತದಲ್ವಾ, ಅದನ್ನು ಸುಮ್ನೆ ಓದಿ ಬಿಡಬೇಡಿ, ಲೆಕ್ಕ ಹಾಕಿ. ಮಟ್ಟ 2840 ಅಡಿ ಇದೆ ಅಂದುಕೊಳ್ಳಿ. ಅಂದರೆ ತುಂಬಿದಾಗಿನ ಮಟ್ಟಕ್ಕಿಂತ 19 ಅಡಿ ಕೆಳಗೆ. ಎಂಟಕ್ಕೆ ಒಂದು ಇಳಿಜಾರಿನ ದಡದಲ್ಲಿ ನೀರಿನ ಅಂಚು ಸುಮಾರು 150 ಅಡಿ ಆಚೆ ಹೋಗಿರುತ್ತದೆ. ದಡ ಇನ್ನೂ ಚಪ್ಪಟೆ ಇದ್ದರೆ ಇನ್ನೂ ದೂರ. ಆ 150 ಅಡಿ ಪೂರ್ತಿ ಹೋದ ವರ್ಷ ನೀರಿನಡಿ ಇದ್ದ ಕೆಸರು.

ಆ ಕೆಸರು ಮೋಸದ್ದು. ಮಾರ್ಚ್‌ನಲ್ಲಿ ನೋಡಿದರೆ ಮೇಲೆ ಒಣಗಿ ಬಿರುಕು ಬಿಟ್ಟು ಹಪ್ಪಳದ ಹಾಗೆ ಕಾಣುತ್ತದೆ, ನಡೆದರೆ ಕಾಲು ಹೂಳುವುದಿಲ್ಲ. ಒಂದು ಹಾರೆ ತೆಗೆದುಕೊಂಡು ಕುಟ್ಟಿ ನೋಡಿ. ಮೊದಲ ಎರಡು ಬೆರಳು ಗಟ್ಟಿ, ಅದರ ಕೆಳಗೆ ಹಾರೆ ತನ್ನ ತೂಕಕ್ಕೇ ಸರ್ರನೆ ಇಳಿಯುತ್ತದೆ, ಎತ್ತಿದರೆ ತುದಿಯಲ್ಲಿ ಬೂದು ಬಣ್ಣದ ಒದ್ದೆ ಮಣ್ಣು ಅಂಟಿಕೊಂಡು ಬರುತ್ತದೆ. ಅಂಥ ಕಡೆ ಜೀಪಿನ ಮುಂದಿನ ಚಕ್ರ ಹೋಗಿರುತ್ತದೆ, ಹಿಂದಿನದು ಆಕ್ಸಲ್ ತನಕ ಕೂರುತ್ತದೆ. ಫೋರ್ ಬೈ ಫೋರ್ ಇದ್ದರೂ ಅಷ್ಟೇ, ನಾಲ್ಕೂ ಚಕ್ರ ಒಟ್ಟಿಗೆ ತೋಡಿಕೊಳ್ಳುತ್ತವೆ. ಹಾರೆ ಒಂದು ಗೇಣಿಗಿಂತ ಜಾಸ್ತಿ ಸಲೀಸಾಗಿ ಇಳಿದರೆ ಗಾಡಿ ಅಲ್ಲೇ ನಿಲ್ಲಲಿ, ಅಲ್ಲಿಂದ ಮುಂದೆ ದೋಣಿಯನ್ನು ಹೊತ್ತುಕೊಂಡೇ ಹೋಗಿ.

ನನ್ನನ್ನು ಕೇಳಿದರೆ ಅಕ್ಟೋಬರ್ ಕೊನೆಯಿಂದ ಜನವರಿ ತನಕ ಒಳ್ಳೆಯ ಸಮಯ. ನೀರು ಇನ್ನೂ ಮೇಲಿರುತ್ತದೆ, ಮಳೆ ನಿಂತಿರುತ್ತದೆ, ಜಿಗಣೆ ಕಡಿಮೆ. ಕಾಫಿ ಕೊಯ್ಲು ಶುರುವಾದರೆ ತೋಟದವರಿಗೆ ಪುರುಸೊತ್ತು ಇರುವುದಿಲ್ಲ ಅನ್ನುವುದು ಬೇರೆ ಮಾತು.

ಮೇಲೆಯೇ ಮುಗಿಸಬೇಕಾದ ಕೆಲಸ

ಗಾಡಿಯನ್ನು ಇಳಿಜಾರಿಗೆ ತಿರುಗಿಸುವ ಮೊದಲು ಒಂದು ಬದಿಗೆ ನಿಲ್ಲಿಸಿ. ದಾರಿ ಮಧ್ಯೆ ಅಲ್ಲ. ಕೆಳಗೆ ನಡೆದು ಹೋಗಿ ನೋಡಿ ಬನ್ನಿ. ನೀರೊಳಗೆ ಮೊಣಕಾಲ ತನಕ ಇಳಿದು ತಳ ಹೇಗಿದೆ ನೋಡಿ. ಚಪ್ಪಲಿ, ಶೂ ಏನಾದರೂ ಹಾಕಿಕೊಂಡೇ ಇಳಿಯಿರಿ, ನಮ್ಮ ಪಿಕ್ನಿಕ್ ಮಹಾಶಯರು ಒಡೆದ ಬಾಟಲಿಗಳು ಎಲ್ಲ ದಡದಲ್ಲೂ ಇವೆ.

ತಳದ ಬಿರಡೆ ಮೊದಲು ಹಾಕಿ. ಫೈಬರ್ ಅಥವಾ ಅಲ್ಯೂಮಿನಿಯಂ ದೋಣಿಯ ಹಿಂಭಾಗದಲ್ಲಿ ನೀರು ಬಸಿಯಲು ಒಂದು ತೂತು ಇರುತ್ತದೆ, ಅದಕ್ಕೆ ಹಾಕುವ ಬಿರಡೆ ಇದು. ಕೀ ಜೊತೆ ಕಟ್ಟಿಟ್ಟುಕೊಳ್ಳಿ, ಆಗ ಮರೆಯುವುದಿಲ್ಲ. ಒಂದು ಲೆಕ್ಕ ಹೇಳುತ್ತೇನೆ. 10 ಅಡಿ ಉದ್ದ, 3 ಅಡಿ ಅಗಲದ ಚಪ್ಪಟೆ ತಳದ ದೋಣಿಯಲ್ಲಿ 4 ಇಂಚು ನೀರು ನಿಂತರೆ ಅದರ ತೂಕ ಸುಮಾರು 280 ಕೆಜಿ. ಇಬ್ಬರು ಎತ್ತುತ್ತಿದ್ದ ದೋಣಿಯನ್ನು ಆಮೇಲೆ ಆರು ಜನ ಸೇರಿದರೂ ಅಲ್ಲಾಡಿಸಲು ಆಗುವುದಿಲ್ಲ.

ಆಮೇಲೆ ಸಾಮಾನು ತುಂಬಿಸಿ. ಹುಟ್ಟು, ಲಂಗರು, ನೀರು ಎತ್ತಿ ಹಾಕಲು ಒಂದು ಚೊಂಬು ಅಥವಾ ಅರ್ಧ ಕತ್ತರಿಸಿದ ಕ್ಯಾನ್, 20 ಮೀಟರ್ ಹಗ್ಗ, ಚಾಕು, ಸೀಟಿ, ಟಾರ್ಚ್. ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕುತ್ತಿಗೆಗೆ ನೇತುಹಾಕಿಕೊಳ್ಳಿ, ಆದರೆ ಹಿನ್ನೀರಿನ ಎಷ್ಟೋ ಕಡೆ ಸಿಗ್ನಲ್ ಇರುವುದಿಲ್ಲ, ಅದನ್ನೇ ನಂಬಿಕೊಳ್ಳಬೇಡಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಮನೆಯಲ್ಲಿ ಹೇಳಿ ಬನ್ನಿ.

ಲೈಫ್ ಜಾಕೆಟ್ ಮೇಲೆಯೇ ಹಾಕಿಕೊಳ್ಳಿ. ದೋಣಿಯಲ್ಲಿ ಕೂತಮೇಲೆ ಹಾಕಿಕೊಳ್ಳುತ್ತೇನೆ ಅನ್ನುವವರು ಹಾಕಿಕೊಳ್ಳುವುದಿಲ್ಲ. ಬಕಲ್ ಹಾಕಿ, ಪಟ್ಟಿ ಎಳೆದು, ಇನ್ನೊಬ್ಬರು ಭುಜದ ಹತ್ತಿರ ಹಿಡಿದು ಮೇಲೆತ್ತಿ ನೋಡಲಿ. ಜಾಕೆಟ್ ಕಿವಿ ತನಕ ಬಂದರೆ ಅದು ನಿಮಗೆ ದೊಡ್ಡದಾಯಿತು, ನೀರಿಗೆ ಬಿದ್ದಾಗ ಜಾಕೆಟ್ ತೇಲುತ್ತದೆ, ನೀವು ಕೆಳಗಿರುತ್ತೀರಿ. ಮಕ್ಕಳಿಗೆ ಮಕ್ಕಳದ್ದೇ ಬೇಕು, ತೂಕ ನೋಡಿ ಕೊಳ್ಳಿ. ಈಜು ಬರುತ್ತದೆ ಅನ್ನುವ ಮಾತು ಇಲ್ಲಿ ಲೆಕ್ಕಕ್ಕಿಲ್ಲ, ತಣ್ಣೀರಿನಲ್ಲಿ ಬಟ್ಟೆ ಸಮೇತ ಬಿದ್ದರೆ ಒಳ್ಳೆಯ ಈಜುಗಾರನಿಗೂ ಉಸಿರು ಕಟ್ಟುತ್ತದೆ.

ದೋಣಿಯ ಮೂತಿಗೆ ಉದ್ದದ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿ ಯಾರದಾದರೂ ಕೈಯಲ್ಲಿ ಇರಲಿ. ಇದನ್ನು ಬಿಟ್ಟವರ ದೋಣಿ ಟ್ರೇಲರ್‌ನಿಂದ ಜಾರಿ ತನ್ನ ಪಾಡಿಗೆ ಕೆರೆ ಮಧ್ಯಕ್ಕೆ ಹೊರಟಿರುತ್ತದೆ. ಹಿಂದಿನ ಬೆಲ್ಟ್‌ಗಳನ್ನು ಮೇಲೆಯೇ ಬಿಚ್ಚಬಹುದು. ಟ್ರೇಲರ್‌ನ ಮುಂದೆ ಹಗ್ಗ ಸುತ್ತಿ ದೋಣಿ ಎಳೆಯುವ ರಾಟೆ, ಅಂದರೆ ವಿಂಚ್ ಇರುತ್ತದೆ, ಅದರ ಕೊಂಡಿಯನ್ನು ಮಾತ್ರ ದೋಣಿ ನೀರು ಮುಟ್ಟುವ ತನಕ ಬಿಚ್ಚಬೇಡಿ. ಇಳಿಜಾರಿನ ಅರ್ಧದಲ್ಲಿ ಬಿಚ್ಚಿದರೆ ದೋಣಿ ಕಾಂಕ್ರೀಟಿನ ಮೇಲೋ ಕಲ್ಲಿನ ಮೇಲೋ ಬಂದು ಕೂರುತ್ತದೆ.

ಮೋಟಾರ್ ಇದ್ದರೆ ಮೇಲಕ್ಕೆ ಮಡಚಿರಲಿ, ಪೆಟ್ರೋಲ್ ಎಷ್ಟಿದೆ ನೋಡಿ. ಹೋಗಲು ಮೂರನೇ ಒಂದು ಭಾಗ, ಬರಲು ಮೂರನೇ ಒಂದು ಭಾಗ, ಉಳಿದದ್ದು ಗಾಳಿ ಎದುರಾದರೆ ಬೇಕಾಗುತ್ತದೆ. ಕೈಗೆ ಕಟ್ಟಿಕೊಳ್ಳುವ ಕೆಂಪು ಬಳ್ಳಿ ಇರುತ್ತದಲ್ಲ, ನೀವು ಬಿದ್ದರೆ ಮೋಟಾರ್ ನಿಲ್ಲಿಸುವಂಥದ್ದು, ಅದನ್ನು ಕಟ್ಟಿಕೊಳ್ಳದೆ ಮೋಟಾರ್ ಶುರು ಮಾಡಬೇಡಿ.

ಮಡಿಕೇರಿ ಕಡೆಯಿಂದ ಟ್ರೇಲರ್ ಎಳೆದುಕೊಂಡು ಬಂದಿದ್ದರೆ ಹತ್ತು ಹದಿನೈದು ನಿಮಿಷ ಸುಧಾರಿಸಿಕೊಳ್ಳಿ. ಕುಶಾಲನಗರಕ್ಕೆ ಮೂವತ್ತು ಕಿಲೋಮೀಟರ್ ಇಳಿಜಾರು, ತಿರುವು. ಚಕ್ರದ ಬೇರಿಂಗ್ ಬಿಸಿಯಾಗಿರುತ್ತದೆ. ಬಿಸಿ ಇರುವಾಗಲೇ ತಣ್ಣೀರಿಗೆ ಅದ್ದಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಗ್ರೀಸ್ ಹಾಳಾಗುತ್ತದೆ, ಎರಡು ತಿಂಗಳಲ್ಲಿ ಬೇರಿಂಗ್ ಕಿರುಚಲು ಶುರು ಮಾಡುತ್ತದೆ. ಟ್ರೇಲರ್‌ಗೆ ಲೈಟ್ ಇದ್ದರೆ ವೈರಿನ ಪ್ಲಗ್ ಬಿಚ್ಚಿಡಿ. ಆ ಹೊತ್ತಿಗೆ ಒಂದು ಕಾಫಿ ಕುಡಿದರೂ ಆಯಿತು.

ರಿವರ್ಸ್

ಟ್ರೇಲರ್ ರಿವರ್ಸ್ ಅಂದರೆ ಎಲ್ಲರಿಗೂ ಭಯ. ತೋಟದ ಟ್ರಾಕ್ಟರ್ ಡ್ರೈವರ್‌ಗಳು ಕಣ್ಣುಮುಚ್ಚಿ ಮಾಡುತ್ತಾರೆ, ಅವರ ಹತ್ತಿರವೇ ಕಲಿಯಿರಿ. ಆದರೆ ಒಂದು ವ್ಯತ್ಯಾಸ ಇದೆ. ಟ್ರೇಲರ್ ಗಿಡ್ಡ ಇದ್ದಷ್ಟೂ ಬೇಗ ತಿರುಗುತ್ತದೆ. ದೋಣಿಯ ಪುಟ್ಟ ಟ್ರೇಲರ್ ಸ್ಟೇರಿಂಗ್ ಸ್ವಲ್ಪ ಅಲ್ಲಾಡಿಸಿದರೂ ಅಡ್ಡ ಬಂದು ಮಡಚಿಕೊಳ್ಳುತ್ತದೆ.

ಕಾಫಿ ಒಣಗಿಸುವ ಕಣ ಖಾಲಿ ಇರುವ ತಿಂಗಳಲ್ಲಿ ಅಲ್ಲಿ ಅಭ್ಯಾಸ ಮಾಡಿ. ಸಮತಟ್ಟು, ಅಗಲ, ನೋಡಿ ನಗುವವರು ಕಡಿಮೆ. ಎರಡು ಖಾಲಿ ಡ್ರಮ್ ಇಟ್ಟುಕೊಂಡು ಮಧ್ಯೆ ಹೋಗಲು ನೋಡಿ. ಸ್ಟೇರಿಂಗ್‌ನ ಕೆಳಭಾಗದಲ್ಲಿ ಒಂದು ಕೈ ಇಟ್ಟುಕೊಳ್ಳಿ. ಟ್ರೇಲರ್ ಬಲಕ್ಕೆ ಹೋಗಬೇಕಾದರೆ ಕೈ ಬಲಕ್ಕೆ, ಎಡಕ್ಕೆ ಹೋಗಬೇಕಾದರೆ ಕೈ ಎಡಕ್ಕೆ. ಇಷ್ಟೇ. ಮೇಲೆ ಹಿಡಿದುಕೊಂಡರೆ ಎಲ್ಲ ಉಲ್ಟಾ, ತಲೆ ಕೆಡುತ್ತದೆ. ಸೊಟ್ಟ ಹೋಯಿತು ಅಂದರೆ ಸರಿ ಮಾಡಲು ಹೋಗಬೇಡಿ, ಮುಂದೆ ಹೋಗಿ ನೇರ ಮಾಡಿಕೊಂಡು ಮತ್ತೆ ಬನ್ನಿ.

ಸಹಾಯಕ್ಕೆ ನಿಲ್ಲುವವರ ವಿಷಯ ಹೇಳಲೇಬೇಕು. ಗಾಡಿ ರಿವರ್ಸ್‌ಗೆ ಹಾಕಿದ ತಕ್ಷಣ ನಾಲ್ಕು ಜನ ಹುಟ್ಟಿಕೊಳ್ಳುತ್ತಾರೆ. ಒಬ್ಬರು "ಬರ್ಲಿ ಬರ್ಲಿ ಬರ್ಲಿ", ಇನ್ನೊಬ್ಬರು "ಲೆಫ್ಟ್ ಕಟ್ ಮಾಡಿ", ಮೂರನೆಯವರು "ಬೇಡ ಬೇಡ, ರೈಟ್", ಕೊನೆಗೆ ಎಲ್ಲರೂ ಸೇರಿ "ಹೋಲ್ಡಾನ್ ಹೋಲ್ಡಾನ್!" ಅನ್ನುವ ಹೊತ್ತಿಗೆ ಹಿಂದಿನ ಚಕ್ರ ಕೆಸರಲ್ಲಿ. ಒಬ್ಬರನ್ನು ಮಾತ್ರ ಇಟ್ಟುಕೊಳ್ಳಿ. ಅವರು ಡ್ರೈವರ್ ಕಡೆಯ ಕನ್ನಡಿಯಲ್ಲಿ ಕಾಣುವ ಹಾಗೆ ನಿಲ್ಲಲಿ. ಅವರು ಕನ್ನಡಿಯಲ್ಲಿ ಕಾಣದಿದ್ದರೆ ನೀವು ಗಾಡಿ ನಿಲ್ಲಿಸಬೇಕು, ಈ ಒಪ್ಪಂದ ಮೊದಲೇ ಆಗಿರಲಿ. ಬಾಯಿಗಿಂತ ಕೈ ಸನ್ನೆ ಒಳ್ಳೆಯದು. ಟ್ರೇಲರ್‌ನ ಹಿಂದೆ, ಇಳಿಜಾರಿನ ಕೆಳಗೆ ಯಾರೂ ನಿಲ್ಲಬಾರದು, ಮಕ್ಕಳಂತೂ ಖಂಡಿತ ಬೇಡ.

ಕಿಟಕಿ ಇಳಿಸಿ, ಹಾಡು ನಿಲ್ಲಿಸಿ. ಇಳಿಜಾರಿನಲ್ಲಿ ಸೀಟ್ ಬೆಲ್ಟ್ ಬಿಚ್ಚಿರಲಿ, ಗಾಡಿ ಜಾರಿ ನೀರಿಗೆ ಹೋದರೆ ತಕ್ಷಣ ಹೊರಗೆ ಬರಲು ಬೇಕು. ಜೀಪಿನಲ್ಲಿ ಫೋರ್ ಬೈ ಫೋರ್ ಲೋ, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರ್ ಇದ್ದರೆ ಮೇಲೆಯೇ ಹಾಕಿಕೊಳ್ಳಿ, ಕೆಳಗೆ ಹೋಗಿ ಸಿಕ್ಕಿಕೊಂಡ ಮೇಲೆ ಹುಡುಕಬೇಡಿ. ನಿಧಾನವಾಗಿ ಬನ್ನಿ. ಟ್ರೇಲರ್‌ನ ಚಕ್ರ ನೀರಿಗೆ ಹೋಗಲಿ, ಜೀಪಿನ ಚಕ್ರ ಹೋಗುವುದು ಬೇಡ. ನೀರಿನ ಅಂಚಿನಿಂದ ಕೆಳಗೆ ಪಾಚಿ ಇರುತ್ತದೆ, ಒಳ್ಳೆಯ ಕಾಂಕ್ರೀಟ್ ಆದರೂ ಅಲ್ಲಿ ಟೈರ್ ಹಿಡಿಯುವುದಿಲ್ಲ.

ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಿರಿ, ಎಂಜಿನ್ ಆಫ್ ಮಾಡಿ ಫಸ್ಟ್ ಗೇರಿನಲ್ಲಿ ಬಿಡಿ, ಇಳಿಯುವ ಮೊದಲು ಜೊತೆಗಿದ್ದವರು ಹಿಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಡಲಿ. ಅಲ್ಲೇ ಹುಡುಕಿದ ಸಡಿಲ ಕಲ್ಲು ಬೇಡ, ಮನೆಯಿಂದಲೇ ಮರದ ಎರಡು ದಪ್ಪ ತುಂಡು ಇಳಿಜಾರಾಗಿ ಕೊಯ್ಸಿಕೊಂಡು ಗಾಡಿಯಲ್ಲಿ ಇಟ್ಟುಕೊಳ್ಳಿ, ಒಂದಕ್ಕೊಂದು ಹಗ್ಗ ಕಟ್ಟಿರಲಿ, ಹೊರಡುವಾಗ ಎಳೆದುಕೊಂಡು ಬರಬಹುದು. ಹಳೇ ಜೀಪುಗಳ ಹ್ಯಾಂಡ್ ಬ್ರೇಕ್ ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ದೋಣಿ ಅಲುಗಾಡಲು ಶುರುವಾದ ಮೇಲೆ ವಿಂಚ್ ಬಿಚ್ಚಿ, ಪಕ್ಕದಲ್ಲಿ ನಿಂತು ತಳ್ಳಿ. ಹಗ್ಗ ಹಿಡಿದವರು ದೋಣಿಯನ್ನು ಬದಿಗೆ ಎಳೆದುಕೊಳ್ಳಲಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದು ಬೇಡ, ಸುಮ್ಮನೆ ಹಿಡಿಯಬೇಕು. ತಕ್ಷಣ ಗಾಡಿ ಮೇಲೆ ಹೋಗಿ ಬದಿಗೆ ನಿಲ್ಲಲಿ, ಜಾಗ ಇನ್ನೊಬ್ಬರಿಗೆ ಬಿಡಿ. ಸೆಲ್ಫಿ ಆಮೇಲೆ ತೆಗೆಯಬಹುದು.

ಟ್ರೇಲರ್ ಇಲ್ಲದವರಿಗೆ

ನಿಜ ಹೇಳಬೇಕೆಂದರೆ ನಮ್ಮಲ್ಲಿ ಟ್ರೇಲರ್ ಇರುವವರು ಕಡಿಮೆ. ಅದಕ್ಕೂ ನೋಂದಣಿ ಬೇಕು, ಇಡಲು ಶೆಡ್ ಬೇಕು. ಹೆಚ್ಚಿನವರು ಪಿಕಪ್‌ನಲ್ಲಿ ಅಥವಾ ಗಾಡಿಯ ಟಾಪಿನ ಮೇಲೆ ತರುತ್ತಾರೆ, ನನಗೂ ಅದೇ ಇಷ್ಟ. ಹತ್ತಡಿಯ ಒಬ್ಬರ ಕಯಾಕ್ 20ರಿಂದ 25 ಕೆಜಿ, ಇಬ್ಬರು ಆರಾಮಾಗಿ ಹೊರಬಹುದು. ಐದು ಎಚ್‌ಪಿ ಮೋಟಾರ್ ಒಂದೇ ಅಷ್ಟು ತೂಗುತ್ತದೆ, ಅದನ್ನು ಬೇರೆಯಾಗಿ ತಂದು ದೋಣಿ ನೀರಿನಲ್ಲಿ ನಿಂತ ಮೇಲೆ ಕಟ್ಟಿ.

ಕಯಾಕ್ ಅನ್ನು ನೆಲದ ಮೇಲೆ ಇಟ್ಟು ಅದರಲ್ಲಿ ಕೂತು ತಳ್ಳಿಸಿಕೊಳ್ಳುವವರನ್ನು ನೋಡಿದ್ದೀರಿ ಅಲ್ವಾ? ತಳ ಸವೆಯುತ್ತದೆ, ಅರ್ಧ ನೀರು ಅರ್ಧ ನೆಲದಲ್ಲಿ ಇರುವಾಗಲೇ ಮಗುಚುತ್ತದೆ. ಮೊಣಕಾಲು ಮಟ್ಟದ ನೀರಿಗೆ ತೇಲಿಸಿ, ಪಕ್ಕದಲ್ಲಿ ನಿಂತು, ಮೊದಲು ಸೀಟಿನ ಮೇಲೆ ಕುಂಡೆ ಊರಿ, ಆಮೇಲೆ ಒಂದೊಂದೇ ಕಾಲು ಒಳಗೆ ತೆಗೆದುಕೊಳ್ಳಿ. ನಿಂತುಕೊಂಡು ಹತ್ತಲು ಹೋಗಬೇಡಿ.

ಗಾಳಿ ತುಂಬುವ ದೋಣಿಗೆ ಕೊಡಗಿನಲ್ಲಿ ಒಬ್ಬ ಶತ್ರು ಇದ್ದಾನೆ, ಬಿದಿರಿನ ಮುಳ್ಳು. ಹಿನ್ನೀರಿನ ಅಂಚಿನಲ್ಲಿ ಬಿದಿರು ಮೆಳೆ ಇದ್ದರೆ ಅದರ ಸುತ್ತ ಇಪ್ಪತ್ತು ಅಡಿ ಒಣ ಮುಳ್ಳು ಉದುರಿರುತ್ತದೆ. ಟಾರ್ಪಾಲ್ ಹಾಸಿ ಅದರ ಮೇಲೆ ಗಾಳಿ ತುಂಬಿಸಿ, ಅಲ್ಲಿಂದ ಎಳೆಯದೆ ಎತ್ತಿಕೊಂಡು ಹೋಗಿ. ಬಿಸಿಲಿನಲ್ಲಿ ಪೂರ್ತಿ ಬಿಗಿ ತುಂಬಿಸಬೇಡಿ, ಒಳಗಿನ ಗಾಳಿ ಹಿಗ್ಗಿ ಅಂಟು ಬಿಡುತ್ತದೆ. ನೀರಿಗೆ ಇಳಿದ ಮೇಲೆ ತಣ್ಣಗಾಗಿ ಸ್ವಲ್ಪ ಮೆತ್ತಗಾಗುತ್ತದೆ, ಆಗ ಪಂಪ್ ಹೊಡೆದು ಬಿಗಿ ಮಾಡಿ. ಪಂಪನ್ನು ದಡದಲ್ಲಿ ಬಿಟ್ಟು ಹೋಗಬೇಡಿ.

ತೆಪ್ಪದ ಸಂಗತಿಯೇ ಬೇರೆ. ಮೂತಿ ಇಲ್ಲ, ಹಿಂಭಾಗ ಇಲ್ಲ. ಬೋರಲು ಮಾಡಿ ತಲೆ ಮೇಲೆ ಹೊತ್ತು ತಂದು ನೀರಿಗೆ ಹಾಕಿದರೆ ಆಯಿತು, ರ‍್ಯಾಂಪ್ ಬೇಡವೇ ಬೇಡ. ಆದರೆ ಅಂಚಿನ ಮೇಲೆ ಕಾಲಿಟ್ಟರೆ ಪಲ್ಟಿ. ಒಬ್ಬರು ಹಿಡಿದುಕೊಂಡಿರಲಿ, ಒಬ್ಬೊಬ್ಬರೇ ಬಗ್ಗಿಕೊಂಡು ಮಧ್ಯಕ್ಕೆ ಹೆಜ್ಜೆ ಇಟ್ಟು ತಕ್ಷಣ ಕೂತುಬಿಡಿ. ಹುಟ್ಟನ್ನು ಪಕ್ಕದಲ್ಲಿ ಹಾಕಿದರೆ ಸುಮ್ಮನೆ ಗಿರಕಿ ಹೊಡೆಯುತ್ತದೆ, ಮುಂದೆ ಹಾಕಿ ತನ್ನ ಕಡೆ ಎಳೆದುಕೊಳ್ಳಬೇಕು.

ನಡುಗಡ್ಡೆಗೆ ಹೋದರೆ

ಜಲಾಶಯ ತುಂಬಿದಾಗ ಎತ್ತರದ ಜಾಗಗಳು ನಡುಗಡ್ಡೆಯಾಗಿ ಉಳಿಯುತ್ತವೆ. ಅಲ್ಲಿಗೆ ಹೋಗುವುದು ಎಲ್ಲರಿಗೂ ಆಸೆ. ಹೋಗುವ ಮೊದಲು ಸುತ್ತ ಒಂದು ಸಲ ದೂರದಿಂದ ನೋಡಿ. ಗಾಳಿ ಬಡಿಯುವ ಬದಿಯಲ್ಲಿ ಇಳಿಯಬೇಡಿ, ಅಲೆ ದೋಣಿಯನ್ನು ಕಲ್ಲಿಗೆ ಕುಟ್ಟುತ್ತಲೇ ಇರುತ್ತದೆ. ಗುಡ್ಡ ಗಾಳಿಯನ್ನು ತಡೆಯುವ ಆಚೆ ಬದಿಯಲ್ಲಿ ನೀರು ಸಮ ಇರುತ್ತದೆ, ಅಲ್ಲಿ ಮೂತಿ ಮುಂದೆ ಮಾಡಿ ನಿಧಾನ ಹೋಗಿ. ಮೋಟಾರನ್ನು ಹತ್ತು ಮಾರು ದೂರದಲ್ಲೇ ನಿಲ್ಲಿಸಿ ಮೇಲೆ ಮಡಚಿ, ಹುಟ್ಟು ಹಾಕಿಕೊಂಡು ದಡ ಮುಟ್ಟಿಸಿ. ಹಾರಬೇಡಿ. ಹಾರಿದರೆ ದೋಣಿ ಹಿಂದಕ್ಕೆ ಹೋಗುತ್ತದೆ, ನೀವು ನೀರಿಗೆ ಹೋಗುತ್ತೀರಿ.

ದೋಣಿಯನ್ನು ಪೂರ್ತಿ ದಡಕ್ಕೆ ಎಳೆದು ಮರಕ್ಕೆ ಕಟ್ಟಿ. ಮೇಲೆ ಬೆಟ್ಟದಲ್ಲಿ ಮಳೆ ಆಗುತ್ತಿದ್ದರೆ ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ನೀರು ಏರಬಹುದು. ದ್ವೀಪದಲ್ಲಿ ನೀವು, ನೀರಿನಲ್ಲಿ ದೋಣಿ, ಸಿಗ್ನಲ್ ಇಲ್ಲದ ಮೊಬೈಲ್. ಬೇಡ ಅಲ್ವಾ.

ದಾರಿಯಲ್ಲಿ ನೀರಿನ ಮೇಲೆ ಖಾಲಿ ಬಾಟಲಿಗಳು, ಥರ್ಮಾಕೋಲ್ ತುಂಡುಗಳು ಸಾಲಾಗಿ ಕಂಡರೆ ಅದು ಕಸ ಅಲ್ಲ, ಬಲೆ. ಸಾಲಿನ ಕೊನೆ ಎಲ್ಲಿದೆ ನೋಡಿ ಸುತ್ತು ಹಾಕಿ ಹೋಗಿ. ಮೋಟಾರಿನ ಫ್ಯಾನಿಗೆ ಬಲೆ ಸುತ್ತಿಕೊಂಡರೆ ನಿಮ್ಮ ಮೋಟಾರೂ ನಿಲ್ಲುತ್ತದೆ, ಅವರ ಒಂದು ದಿನದ ಊಟವೂ ಹೋಗುತ್ತದೆ. ಹರಿದರೆ ಹುಡುಕಿಕೊಂಡು ಹೋಗಿ ದುಡ್ಡು ಕೊಡಿ.

ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ನೀರಿನಲ್ಲಿ ಇರಬೇಡಿ. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಮೂರು ಗಂಟೆಗೆ ಗಾಳಿ, ಗುಡುಗು, ಸಿಡಿಲು. ಗುಡುಗು ಕೇಳಿದರೆ ದಡಕ್ಕೆ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ವಾಪಸ್ ಇಳಿಯಬೇಡಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ.

ಸಂಜೆ ವಿಷಯಕ್ಕೆ ಬಂದರೆ, ಕತ್ತಲಾಗುವ ಒಂದು ಗಂಟೆ ಮೊದಲೇ ಗಾಡಿ ಹೊರಡಬೇಕು. ಕಾಡಂಚಿನ ದಡಕ್ಕೆ ಆನೆ ನೀರಿಗೆ ಬರುವುದು ಆ ಹೊತ್ತಿಗೇ. ಆನೆಗೆ ಈಜೂ ಚೆನ್ನಾಗಿ ಬರುತ್ತದೆ, ನೀರಿನಲ್ಲಿ ಇದ್ದೇವೆ ಅಂತ ಹತ್ತಿರ ಹೋಗಿ ಫೋಟೋ ತೆಗೆಯುವ ಧೈರ್ಯ ಬೇಡ. ದಡದಲ್ಲಿ ಹಸಿ ಲದ್ದಿ ಕಂಡರೆ ಅಲ್ಲಿ ದೋಣಿ ಇಳಿಸುವುದನ್ನು ಆ ದಿನಕ್ಕೆ ಕೈಬಿಡಿ.

ವಾಪಸ್ ಎತ್ತುವುದು

ಎಲ್ಲರೂ ಸುಸ್ತಾಗಿರುತ್ತಾರೆ, ಹಸಿದಿರುತ್ತಾರೆ, ಹಾಗಾಗಿ ಏಟು ಆಗುವುದು ಈಗಲೇ. ದೋಣಿಯನ್ನು ಬದಿಗೆ ಕಟ್ಟಿ, ಒಬ್ಬರು ಮಾತ್ರ ಹೋಗಿ ಗಾಡಿ ತನ್ನಿ. ಸಾಮಾನನ್ನು ಆ ಹೊತ್ತಿಗೆ ಇಳಿಸಿಬಿಡಿ, ದೋಣಿ ಹಗುರಾಗಲಿ. ಟ್ರೇಲರನ್ನು ಜಾಸ್ತಿ ಆಳಕ್ಕೆ ಬಿಡಬೇಡಿ, ಆಳಕ್ಕೆ ಹೋದರೆ ದೋಣಿ ತೇಲಿ ತೇಲಿ ಅಡ್ಡ ಬರುತ್ತದೆ, ಚೌಕಟ್ಟಿನ ಮೇಲೆ ನೇರ ಕೂರುವುದಿಲ್ಲ. ಚೌಕಟ್ಟಿನ ಮುಕ್ಕಾಲು ಭಾಗ ಒದ್ದೆಯಾದರೆ ಸಾಕು. ಮೂತಿಯನ್ನು ಮಧ್ಯಕ್ಕೆ ತಂದು ವಿಂಚ್ ಕೊಂಡಿ ಹಾಕಿ ಸುತ್ತಿ. ವಿಂಚ್ ಸುತ್ತುವವರು ಪಕ್ಕಕ್ಕೆ ನಿಲ್ಲಲಿ, ಹಗ್ಗದ ನೇರಕ್ಕೆ ಯಾರೂ ಬೇಡ. ಕಿತ್ತು ಬಂದರೆ ಚಾಟಿ ಬೀಸಿದಂತೆ ಬರುತ್ತದೆ. ಮೇಲೆ ಒಣ ನೆಲಕ್ಕೆ ಬಂದಮೇಲೆ ಬಿರಡೆ ಬಿಚ್ಚಿ ನೀರು ಬಸಿಯಲು ಬಿಡಿ, ಆಮೇಲೆ ಬೆಲ್ಟ್ ಹಾಕಿ.

ಗಾಡಿ ಹತ್ತುತ್ತಿಲ್ಲ, ಚಕ್ರ ತಿರುಗುತ್ತಿದೆ ಅಂದರೆ ಆಕ್ಸಿಲರೇಟರ್ ಒತ್ತಬೇಡಿ, ಒತ್ತಿದಷ್ಟೂ ಹೂತುಕೊಳ್ಳುತ್ತದೆ. ಮೊದಲು ಟ್ರೇಲರ್‌ನ ಚಕ್ರಕ್ಕೆ ಕಲ್ಲು ಕೊಟ್ಟು, ಆಮೇಲೆ ಅದನ್ನು ಕಳಚಿ, ಜೀಪನ್ನು ಗಟ್ಟಿ ನೆಲಕ್ಕೆ ತಂದು, ಅಲ್ಲಿಂದ ಉದ್ದದ ಹಗ್ಗ ಹಾಕಿ ಎಳೆಯಿರಿ. ಟೈರಿನ ಗಾಳಿ ಸ್ವಲ್ಪ ಇಳಿಸಿದರೂ ಹಿಡಿತ ಬರುತ್ತದೆ, ಆದರೆ ತುಂಬಿಸಲು ಪಂಪ್ ಇದ್ದರೆ ಮಾತ್ರ ಇಳಿಸಿ.

ಹೊರಡುವ ಮೊದಲು ದೋಣಿ, ಟ್ರೇಲರ್, ಲಂಗರಿನ ಹಗ್ಗ, ಮೋಟಾರಿನ ಫ್ಯಾನ್ ಎಲ್ಲ ಕಡೆ ಅಂಟಿದ ಗಿಡ ಕಿತ್ತು ದಡದ ಮೇಲೆ ಒಣಗಲು ಹಾಕಿ. ಅಂತರಗಂಗೆಯ ಒಂದು ತುಂಡು ನಿಮ್ಮ ಜೊತೆ ಬಂದು ತೋಟದ ಕೆರೆಗೆ ಬಿದ್ದರೆ ಎರಡು ವಾರಕ್ಕೊಮ್ಮೆ ದುಪ್ಪಟ್ಟಾಗುತ್ತಾ ಹೋಗುತ್ತದೆ. ಫೆಬ್ರವರಿ ಮಾರ್ಚ್‌ನಲ್ಲಿ ಕಾಫಿ ಹೂವಿಗೆ ನೀರು ಹೊಡೆಯಲು ಸ್ಪ್ರಿಂಕ್ಲರ್ ಪಂಪ್ ಶುರು ಮಾಡಿದಾಗ ಫುಟ್ ವಾಲ್ವ್‌ಗೆ ಬೇರು ಸುತ್ತಿಕೊಂಡಿರುತ್ತದೆ. ದೋಣಿಯ ಒಳಗೆ ನಿಂತ ನೀರನ್ನೂ ಅಲ್ಲೇ ಚೆಲ್ಲಿ, ಮನೆಗೆ ತಂದು ಕೆರೆ ಬದಿಯಲ್ಲಿ ಚೆಲ್ಲಬೇಡಿ. ಮೀನಿನ ಮರಿ, ಮೊಟ್ಟೆ ಎಲ್ಲ ಅದರಲ್ಲೇ ಬರುವುದು.

ಮನೆಯಲ್ಲಿ ಒಳ್ಳೆಯ ನೀರಿನಲ್ಲಿ ತೊಳೆದು, ಬೋರಲು ಹಾಕಿ ನೆರಳಿನಲ್ಲಿ ಒಣಗಿಸಿ. ಗಾಳಿ ದೋಣಿಯನ್ನು ಒದ್ದೆ ಇರುವಾಗ ಮಡಚಿಟ್ಟರೆ ನಮ್ಮ ಹವೆಗೆ ಒಂದೇ ವಾರದಲ್ಲಿ ಬೂಸ್ಟು ಹಿಡಿಯುತ್ತದೆ. ಪೂರ್ತಿ ಗಾಳಿ ತೆಗೆಯದೆ ಸ್ವಲ್ಪ ಬಿಟ್ಟು ಇಟ್ಟರೆ ಮಡಿಕೆಯಲ್ಲಿ ಬಿರುಕು ಬರುವುದಿಲ್ಲ, ಇಲಿ ಹತ್ತದ ಹಾಗೆ ಮಾತ್ರ ನೋಡಿಕೊಳ್ಳಿ. ಮೋಟಾರಿನ ಪೆಟ್ರೋಲ್ ಖಾಲಿ ಮಾಡಿ, ಕಾರ್ಬುರೇಟರ್‌ನಲ್ಲಿ ಇರುವುದು ಉರಿದು ಮುಗಿಯುವ ತನಕ ಓಡಿಸಿ ನಿಲ್ಲಿಸಿ. ಆದರೆ ಒಣ ನೆಲದಲ್ಲಿ ಹಾಗೇ ಓಡಿಸಬೇಡಿ, ಒಂದು ಡ್ರಮ್ ನೀರಿನಲ್ಲಿ ಅದರ ಕಾಲು ಮುಳುಗಿಸಿ ಓಡಿಸಬೇಕು, ಇಲ್ಲದಿದ್ದರೆ ತಣಿಸುವ ನೀರು ಸಿಗದೆ ಒಳಗಿನ ರಬ್ಬರ್ ಸುಟ್ಟುಹೋಗುತ್ತದೆ. ಈಗಿನ ಪೆಟ್ರೋಲಿಗೆ ಶೇಕಡಾ 20ರ ತನಕ ಎಥನಾಲ್ ಸೇರಿಸುತ್ತಾರೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಳೆಗಾಲ ಪೂರ್ತಿ ಟ್ಯಾಂಕಿನಲ್ಲಿ ಬಿಟ್ಟರೆ ಅಕ್ಟೋಬರ್‌ನಲ್ಲಿ ಎಷ್ಟು ಎಳೆದರೂ ಸ್ಟಾರ್ಟ್ ಆಗುವುದಿಲ್ಲ.